ಹೊಸ ಕೊಳಕ್ಕೂ ಹೆಪ್ಪು ಹಾಕಬೇಕು

ಮೊದಲ ಮಳೆ ಬಿದ್ದು ಅಂಗಳದ ಮಣ್ಣು ಮೆತ್ತಗಾದರೆ ಸಾಕು, ಕೈತೋಟದವರ ಪ್ರಶ್ನೆಗಳ ಬಣ್ಣವೇ ಬದಲಾಗುತ್ತದೆ. ಗುಲಾಬಿಗೆ ಹುಳ ಬಿದ್ದಿದೆ, ನಿಂಬೆ ಗಿಡ ಕಾಯಿ ಬಿಡ್ತಿಲ್ಲ ಅನ್ನೋ ಮಾತು ಹಿಂದೆ ಸರಿದು ಇನ್ನೊಂದು ಪ್ರಶ್ನೆ ಮುಂದೆ ಬರುತ್ತದೆ: “ಮನೆ ಮುಂದೆ ಪುಟ್ಟದಾಗಿ ಒಂದು ಕೊಳ ಮಾಡಿಸಿದ್ವಿ. ಮೀನು ಬಿಟ್ಟು ಇನ್ನೂ ಹತ್ತು ದಿನ ಆಗಿಲ್ಲ, ದಿನಾ ಒಂದೊಂದು ತೇಲ್ತಾ ಇದೆ. ಮಕ್ಕಳು ಅಳ್ತಾರೆ. ಯಾವ ಔಷಧಿ ಹಾಕೋದು?”

ಉತ್ತರ ಒಂದೇ ಸಾಲಿನದು. ಔಷಧಿ ಬೇಡ. ಆ ಮೀನುಗಳಿಗೆ ಬಹುಪಾಲು ರೋಗ ಬಂದಿರೋದಿಲ್ಲ, ಆ ನೀರಿಗೆ ಇನ್ನೂ ಜೀವ ಬಂದಿರೋದಿಲ್ಲ.

ಹಾಗಾಗಿ ಈ ಸಲದ ಅಂಕಣ ಪೂರ್ತಿ ಹೊಸ ಕೊಳಕ್ಕೆ ಮೀಸಲು. ಉದಾಹರಣೆಗಳೆಲ್ಲ ಬೆಂಗಳೂರಿನ ಪೂರ್ವ ಭಾಗದ್ದು. ಇಂದಿರಾನಗರದ ಹಳೇ ಮನೆಗಳ ಅಂಗಳ, ಹಲಸೂರಿನ ಕಿರಿದಾದ ಹಿತ್ತಿಲು, ಕೆ.ಆರ್. ಪುರದ ಹೊಸ ಬಡಾವಣೆಗಳ 30x40 ಸೈಟು, ಮೂರೂ ಕಡೆ ಜಾಗ ಬೇರೆ, ನೀರು ಬೇರೆ. ಕೊಳದ ನಿಯಮ ಮಾತ್ರ ಒಂದೇ.

ಹಾಲು ಮೊಸರಾಗುವ ಹಾಗೆ

ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಬರುತ್ತದೆ. ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ, ಕೊಳೆತ ಎಲೆಯಿಂದಲೂ ಅದು ಹುಟ್ಟುತ್ತದೆ. ಅಮೋನಿಯಾ ಮೀನಿಗೆ ವಿಷ. ಹಳೆಯ ಕೊಳದಲ್ಲಿ ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಬಹಳ ಸೌಮ್ಯ, ಗಿಡಗಳಿಗೆ ಗೊಬ್ಬರ. ಈ ಎರಡೂ ಗುಂಪು ನೀರಿನಲ್ಲಿ ತೇಲಿಕೊಂಡಿರೋದು ಕಡಿಮೆ. ಕಲ್ಲು, ಗೋಡೆ, ಗಿಡದ ಬೇರು, ಫಿಲ್ಟರಿನ ಸ್ಪಂಜು, ಇವುಗಳ ಮೇಲೆ ತೆಳ್ಳಗೆ ಅಂಟಿಕೊಂಡು ಬೆಳೆಯುತ್ತವೆ.

ಹೊಸ ಕೊಳದಲ್ಲಿ ಇವು ಇಲ್ಲ. ತಾನಾಗೇ ಬಂದು ನೆಲೆಸಿ, ಸಂಸಾರ ಹೂಡಿ, ಮೀನಿನ ಹೊಲಸನ್ನು ನಿಭಾಯಿಸುವಷ್ಟು ಬೆಳೆಯೋದಕ್ಕೆ ನಮ್ಮ ಹವೆಯಲ್ಲಿ ನಾಲ್ಕರಿಂದ ಆರು ವಾರ ಬೇಕು. ನೀರು ಕನ್ನಡಿ ಹಾಗೆ ತಿಳಿಯಾಗಿದೆ ಅಂತ ಎರಡನೇ ದಿನವೇ ಇಪ್ಪತ್ತು ಮೀನು ಬಿಟ್ಟರೆ ವಿಷ ಏರುತ್ತಾ ಹೋಗುತ್ತದೆ, ತೆಗೆಯುವವರು ಯಾರೂ ಇರುವುದಿಲ್ಲ. ತಿಳಿ ನೀರು ಬೇರೆ, ಒಳ್ಳೆ ನೀರು ಬೇರೆ.

ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸದೆ ಕಾಯ್ತೀವಲ್ಲ, ಕೊಳದ ಕಥೆಯೂ ಅಷ್ಟೇ. ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ಅಕ್ವೇರಿಯಂ ಇದ್ದರೆ ಅದರ ಫಿಲ್ಟರಿನ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಹಾಕಿ. ಅದೇ ಹೆಪ್ಪು. ಕಾಯುವ ದಿನ ಎಷ್ಟೋ ಕಡಿಮೆಯಾಗುತ್ತದೆ. ಮೀನು ಸತ್ತ, ರೋಗ ಬಂದ ತೊಟ್ಟಿಯಿಂದ ಮಾತ್ರ ತರಬೇಡಿ. ಹುಳಿ ಹೆಚ್ಚಾದ ಹೆಪ್ಪಿನಿಂದ ಒಳ್ಳೆ ಮೊಸರು ಆಗಲ್ಲ.

ಜಾಗ, ಅಳತೆ, ಭಾರ

ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬಿದ್ದು, ಮಧ್ಯಾಹ್ನ ನೆರಳಾಗುವ ಜಾಗ ಉತ್ತಮ. ನೈದಿಲೆ ಹೂ ಬಿಡೋದಕ್ಕೆ ಬಿಸಿಲು ಬೇಕು, ಏಪ್ರಿಲ್ ಮಧ್ಯಾಹ್ನದ ಬಿಸಿಲು ಮೀನಿಗೆ ಬೇಡ. ದೊಡ್ಡ ಮರದ ಕೆಳಗೆ ಮಾಡಬೇಡಿ. ಇಂದಿರಾನಗರದ ಕೆಲವು ಬೀದಿಗಳಲ್ಲಿ ಮಳೆಮರದ ಎಲೆ ಉದುರುವ ಕಾಲದಲ್ಲಿ ದಿನಾ ಒಂದು ಮೊರ ಎಲೆ ಗುಡಿಸಬೇಕು. ಅದೆಲ್ಲ ಕೊಳಕ್ಕೆ ಬಿದ್ದು ಕೊಳೆತರೆ ನೀರಿನ ಉಸಿರೇ ನಿಲ್ಲುತ್ತದೆ. ಹೊಂಗೆ ಮರದ ಕೆಳಗಂತೂ ಖಂಡಿತ ಬೇಡ, ಅದರ ಬೀಜಕ್ಕೂ ಬೇರಿಗೂ ಮೀನು ಕೊಲ್ಲುವ ಗುಣವಿದೆ. ಮಳೆ ನೀರು ಅಂಗಳ ತೊಳೆದುಕೊಂಡು ಬಂದು ಸೇರುವ ತಗ್ಗೂ ಬೇಡ. ಕೊಳದ ಅಂಚು ನೆಲಕ್ಕಿಂತ ನಾಲ್ಕು ಇಂಚಾದರೂ ಎತ್ತರ ಇರಲಿ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ: ಉದ್ದ 6 ಅಡಿ, ಅಗಲ 4 ಅಡಿ, ಆಳ 2 ಅಡಿ. ಇದರಲ್ಲಿ ಸುಮಾರು 1,350 ಲೀಟರ್ ನೀರು ಹಿಡಿಯುತ್ತದೆ. ಆರೆಂಟು ಗೋಲ್ಡ್‌ಫಿಶ್‌ಗೆ ಇದು ಹಿತವಾದ ಮನೆ. ಕೊಯ್ ಕಾರ್ಪ್ ಸಾಕುವ ಆಸೆ ಇದ್ದರೆ ಈ ಅಳತೆ ಮರೆತುಬಿಡಿ. ಅಂಗಡಿಯಲ್ಲಿ ಬೆರಳುದ್ದ ಇರುವ ಕೊಯ್ ಎರಡು ಅಡಿವರೆಗೆ ಬೆಳೆಯುತ್ತದೆ. ಅದಕ್ಕೆ ನಾಲ್ಕು ಅಡಿ ಆಳ, ಸಾವಿರಾರು ಲೀಟರ್ ನೀರು, ಗಟ್ಟಿ ಫಿಲ್ಟರ್ ಬೇಕು.

ಟೆರೇಸ್ ಮೇಲೆ ಮಾಡ್ತೀವಿ ಅನ್ನೋರು ಒಂದು ನಿಮಿಷ ನಿಲ್ಲಿ. ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೋ. ಎರಡು ಅಡಿ ಆಳದ ನೀರು ಪ್ರತಿ ಚದರ ಮೀಟರಿಗೆ 600 ಕಿಲೋ ಮೀರಿ ಭಾರ ಹಾಕುತ್ತದೆ. ಜನ ಓಡಾಡುವ ಟೆರೇಸನ್ನು ನಮ್ಮಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ಎಂಜಿನಿಯರ್ ನೋಡಿ ಒಪ್ಪದೆ ಅಲ್ಲಿ ಕೊಳ ಬೇಡವೇ ಬೇಡ. ಗಪ್ಪಿ ಮೀನು, ಒಂದು ನೈದಿಲೆ ಇರುವ ಅಗಲ ಬಾಯಿಯ ಟಬ್ಬು ಸಾಕು, ಅದನ್ನೂ ತೊಲೆ ಅಥವಾ ಗೋಡೆ ಹಾದುಹೋಗುವ ಜಾಗದ ಮೇಲೆ ಇಡಿ.

ಕಟ್ಟೋದು ಎರಡು ರೀತಿ. ಗುಂಡಿ ತೋಡಿ ದಪ್ಪ ಪ್ಲಾಸ್ಟಿಕ್ ಲೈನರ್ ಹಾಸೋದು ಒಂದು. ಕೃಷಿ ಹೊಂಡಕ್ಕೆ ಹಾಸುವ ಹಾಳೆಯೇ ಇದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹಳ್ಳಿಯ ಕಡೆಯವರಿಗೆ ಇದು ಹೊಸತಲ್ಲ. ಉದ್ದಕ್ಕೆ ಎರಡು ಪಟ್ಟು ಆಳ ಸೇರಿಸಿ, ಎರಡೂ ಅಂಚಿಗೆ ಒಂದೊಂದು ಅಡಿ ಬಿಡಿ, ಅಗಲಕ್ಕೂ ಹಾಗೇ ಮಾಡಿ. ನಮ್ಮ ಅಳತೆಗೆ 12 ಅಡಿ ಉದ್ದ, 10 ಅಡಿ ಅಗಲದ ಹಾಳೆ ಬೇಕಾಗುತ್ತದೆ. ಅಡಿಗೆ ಮರಳು ಅಥವಾ ಹಳೇ ಜಮಖಾನ ಹಾಸಿದರೆ ಕಲ್ಲು ಚುಚ್ಚಲ್ಲ.

ಇನ್ನೊಂದು ಸಿಮೆಂಟಿನ ತೊಟ್ಟಿ. ಗಟ್ಟಿ, ಅಂದ. ಆದರೆ ಹೊಸ ಸಿಮೆಂಟು ಸುಣ್ಣ ಬಿಡುತ್ತಲೇ ಇರುತ್ತದೆ, ನೀರು ವಿಪರೀತ ಕ್ಷಾರವಾಗುತ್ತದೆ. ತುಂಬಿಸಿ ನಾಲ್ಕೈದು ದಿನ ಬಿಟ್ಟು ಖಾಲಿ ಮಾಡೋದನ್ನು ಮೂರು ವಾರ ಮಾಡಬೇಕು. ಬಾಳೆದಿಂಡು ಕೊಚ್ಚಿ ನೆನೆಹಾಕುವ ಪದ್ಧತಿಯೂ ಇದೆ. ಏನೇ ಮಾಡಿ, ಕೊನೆಗೆ ಪಿಎಚ್ ಅಳೆದು ನೋಡಿ. 8.5 ದಾಟಿದ್ದರೆ ಮತ್ತೆ ನೀರು ಬದಲಿಸಿ. ಪಿಎಚ್ ಬರೀ ಅಂಕಿ ಅಲ್ಲ. ಅದು 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದ ವಿಷ ಹೆಚ್ಚುಕಮ್ಮಿ ಹತ್ತು ಪಟ್ಟಾಗುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೀನಿಗಿಂತ ಮೊದಲು ಅವರ ವಿಚಾರ. ಅರ್ಧ ಅಡಿ ನೀರು ಕೂಡ ಮಗುವಿಗೆ ಅಪಾಯ. ನೀರಿನ ಮಟ್ಟಕ್ಕೇ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ, ಕೊಳದ ಸುತ್ತ ಬೇಲಿ ಇರಲಿ. ಇವೆರಡೂ ಇದ್ದರೂ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು. ಪಂಪಿನ ವಿದ್ಯುತ್ ಸಾಲಿಗೆ ಸೋರಿಕೆ ಕಂಡೊಡನೆ ಕಡಿತವಾಗುವ ಬ್ರೇಕರ್ ಹಾಕಿಸದೆ ನೀರಿಗೆ ಕೈ ಇಡಬೇಡಿ.

ನಿಮ್ಮ ಮನೆಗೆ ಬರೋದು ಯಾವ ನೀರು?

ನಮ್ಮ ಭಾಗದಲ್ಲಿ ನಾಲ್ಕು ಬಗೆಯ ನೀರು ಬಳಕೆಯಲ್ಲಿದೆ. ನಾಲ್ಕಕ್ಕೂ ನಾಲ್ಕು ಗುಣ.

ಕಾವೇರಿ: ಹಲಸೂರು, ಇಂದಿರಾನಗರ, ಶಿವಾಜಿನಗರದ ಕಡೆ ನಲ್ಲಿಯಲ್ಲಿ ಬರುವ ನೀರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಹರಿದು ಬರುವ ಈ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಹಾಕಲೇಬೇಕು. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಮತ್ತು ಆ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ವಿಷ. ತೆರೆದ ಟಬ್ಬಿನಲ್ಲಿ ಎರಡು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆ್ಯಂಟಿ-ಕ್ಲೋರಿನ್ ಇದೆ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸ ಇದ್ದರೆ ಆ ವಾರ ಕೊಳಕ್ಕೆ ಸಂಪಿನ ನೀರು ಮುಟ್ಟಿಸಬೇಡಿ.

ಬೋರ್‌ವೆಲ್: ಕೆ.ಆರ್. ಪುರದ ಕಡೆ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದ ಮೇಲೂ ಎಷ್ಟೋ ಮನೆಗಳಿಗೆ ಇದೇ ಆಸರೆ. ಕ್ಲೋರಿನ್ ಇಲ್ಲ, ಒಳ್ಳೆಯದು. ಆದರೆ ಗಡಸು ನೀರು. ಬಕೆಟ್ಟಿಗೆ ಬಿಳಿ ಕರೆ ಕಟ್ಟುವ ನೀರು ಗೋಲ್ಡ್‌ಫಿಶ್‌ಗೆ ಒಗ್ಗುತ್ತದೆ, ಪಿಎಚ್ ಮಾತ್ರ ನೋಡಿಕೊಳ್ಳಬೇಕು. ಆಳದಿಂದ ಬಂದ ಈ ನೀರಿನಲ್ಲಿ ಆಮ್ಲಜನಕ ಇರೋದೇ ಇಲ್ಲ ಅನ್ನುವಷ್ಟು ಕಡಿಮೆ. ಮೋಟರ್ ಹಾಕಿ ನೇರವಾಗಿ ಕೊಳಕ್ಕೆ ಬಿಡಬೇಡಿ. ಒಂದು ದಿನ ತೊಟ್ಟಿಯಲ್ಲಿಟ್ಟು, ಎತ್ತರದಿಂದ ಸುರಿದು ಗಾಳಿ ಆಡಿಸಿ.

ಟ್ಯಾಂಕರ್: ಇವತ್ತಿನ ಲೋಡು ಎಲ್ಲಿಯದೋ, ನಾಳಿನದು ಎಲ್ಲಿಯದೋ. ಪ್ರತಿ ಸಲ ಪಿಎಚ್ ನೋಡಿ, ಒಂದೇ ಬಾರಿಗೆ ಕೊಳದ ಐದನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಮಳೆ: ಎಲ್ಲಕ್ಕಿಂತ ಮೃದು, ಬಿಟ್ಟಿ, ಕ್ಲೋರಿನ್ ಇಲ್ಲ. ಆದರೆ ಬರೀ ಮಳೆ ನೀರಿನಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಲವಣ ಇರಲ್ಲ, ಕೆಲವು ವಾರದಲ್ಲಿ ಪಿಎಚ್ ಇದ್ದಕ್ಕಿದ್ದಂತೆ ಕುಸಿಯಬಹುದು. ಅರ್ಧ ಬೋರ್‌ವೆಲ್, ಅರ್ಧ ಮಳೆ ನೀರು ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೋರ್‌ವೆಲ್ ಇಲ್ಲದವರು ಫಿಲ್ಟರಿನಲ್ಲಿ ಒಂದು ಹಿಡಿ ತೊಳೆದ ಕಪ್ಪೆಚಿಪ್ಪು ಹಾಕಿಡಿ. ಸೂರಿನ ಧೂಳು ತೊಳೆದು ಬರುವ ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ.

ಆರ್‌ಓ ಯಂತ್ರ ಹೊರಹಾಕುವ ನೀರು, ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು, ಬಟ್ಟೆ ತೊಳೆದ ನೀರು ಗಿಡಕ್ಕೆ ಹೇಗೋ ಏನೋ, ಮೀನಿಗಂತೂ ಬೇಡ.

ಒಂದು ಮಂಡಲ ಕಾಯಿರಿ

ವ್ರತಕ್ಕೆ, ಔಷಧಿಗೆ ನಾವು 48 ದಿನದ ಮಂಡಲ ಲೆಕ್ಕ ಹಾಕ್ತೀವಿ. ಕೊಳಕ್ಕೂ ಅದನ್ನೇ ಇಟ್ಟುಕೊಳ್ಳಿ, ನೆನಪಿಡೋದು ಸುಲಭ.

ಮೊದಲ ವಾರ ನೀರು, ಗಿಡ, ಪಂಪು ಮಾತ್ರ. ಗಂಟೆಗೆ ಸಾವಿರ ಲೀಟರ್ ಎತ್ತುವ ಪಂಪು ನಮ್ಮ ಅಳತೆಗೆ ಸಾಕು. ಅದು 30 ವಾಟಿನದಾದರೆ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 22 ಯೂನಿಟ್. ಫಿಲ್ಟರಿಗೆ ದುಬಾರಿ ಡಬ್ಬ ಬೇಕಂತಿಲ್ಲ. ಮುಚ್ಚಳದ ಬಕೆಟ್ಟಿನಲ್ಲಿ ಸ್ಪಂಜು, ಅದರ ಮೇಲೆ ಪಾತ್ರೆ ತಿಕ್ಕುವ ಹೊಸ ಪ್ಲಾಸ್ಟಿಕ್ ಸ್ಕ್ರಬ್ಬರ್‌ಗಳು, ಮೇಲೆ ತೊಳೆದ ಜಲ್ಲಿ ಹಾಕಿ, ಕೆಳಗಿನಿಂದ ನೀರು ಹತ್ತಿ ಮೇಲಿನಿಂದ ಕೊಳಕ್ಕೆ ಧುಮುಕುವ ಹಾಗೆ ಮಾಡಿದರೆ ಆಯ್ತು.

ಗಿಡದಲ್ಲಿ ಒಂದು ನೈದಿಲೆಯನ್ನು ಮಣ್ಣಿನ ಕುಂಡದಲ್ಲಿಟ್ಟು ಇಳಿಸಿ, ಮೇಲೆ ಒಂದು ಪದರ ಜಲ್ಲಿ ಹರಡಿ. ನೀರೊಳಗೆ ಹೈಡ್ರಿಲ್ಲಾ ಅಥವಾ ವ್ಯಾಲಿಸ್ನೇರಿಯಾ, ಅಂಚಿನ ಒದ್ದೆ ಮಣ್ಣಿಗೆ ಬಜೆ, ಒಂದೆಲಗ. ತಂಬುಳಿಗೂ ಆಯ್ತು, ಕೊಳಕ್ಕೂ ಆಯ್ತು. ತೇಲುವ ಅಂತರಗಂಗೆ ಒಂದು ಗಿಡ ತಂದರೆ ತಿಂಗಳಲ್ಲಿ ಕೊಳ ಮುಚ್ಚುತ್ತದೆ, ವಾರಕ್ಕೊಮ್ಮೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಎಲೆಗಳ ನೆರಳು ನೀರಿನ ಅರ್ಧ ಭಾಗ ಮುಚ್ಚಿದರೆ ಪಾಚಿ ಹಿಡಿತದಲ್ಲಿರುತ್ತದೆ.

ಇಲ್ಲೊಂದು ತೊಡಕಿದೆ. ಮೀನಿಲ್ಲದ ನೀರು ಒಂದೂವರೆ ತಿಂಗಳು ನಿಂತರೆ ಸೊಳ್ಳೆ ಮರಿ ಮಾಡುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಿರೋದೇ ಇಂಥ ತಿಳಿ ನೀರು. 2024ರಲ್ಲಿ ಸರಕಾರ ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡದ ನಿಯಮವನ್ನೂ ತಂದಿದೆ. ಹಾಗಾಗಿ ಒಂದು ವಾರ ಕಳೆದು, ಕ್ಲೋರಿನ್ ಹೋಗಿದೆ, ಪಿಎಚ್ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಆರೇ ಆರು ಗಪ್ಪಿ ಬಿಡಿ. ಅವು ಸೊಳ್ಳೆ ಮರಿ ತಿಂದುಕೊಂಡು, ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟು ಅಮೋನಿಯಾ ಕೊಟ್ಟುಕೊಂಡು ಇರುತ್ತವೆ. 1,350 ಲೀಟರಿಗೆ ಆರು ಗಪ್ಪಿ ಹೊರೆಯೇ ಅಲ್ಲ. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಆಹಾರ ಸಾಕು. ಕೆಲವರು ಕೊಡುವ ಗ್ಯಾಂಬೂಸಿಯಾ ಬೇಡ, ಅದು ಬೇರೆ ಮೀನಿನ ರೆಕ್ಕೆ ಕಚ್ಚುವ ಜಗಳಗಂಟ.

ಹನಿ ಹಾಕಿ ನೋಡುವ ಅಮೋನಿಯಾ, ನೈಟ್ರೈಟ್ ಪರೀಕ್ಷೆಯ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ವಾರಕ್ಕೆರಡು ಸಲ ನೋಡಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಂತರೆ ಹೆಪ್ಪು ಹಿಡಿಯಿತು ಅಂತ ಅರ್ಥ. ನಡುವೆ ಯಾವುದಾದರೂ 0.5 ದಾಟಿದರೆ ಕಾಲು ಭಾಗ ನೀರು ಬದಲಿಸಿ. ನೈಟ್ರೈಟ್ ಏರಿದಾಗ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ ಹಾಕಿದರೆ ಅದು ಮೀನಿನ ರಕ್ತ ಸೇರೋದು ತಗ್ಗುತ್ತದೆ. ಉಪ್ಪು ಆವಿಯಾಗಿ ಹೋಗಲ್ಲ, ಮತ್ತೆ ಮತ್ತೆ ಸುರಿಯಬೇಡಿ.

ಮೀನು ತರುವ ದಿನ

ಶಿವಾಜಿನಗರದ ರಸೆಲ್ ಮಾರುಕಟ್ಟೆ ಸುತ್ತಮುತ್ತ ಬಣ್ಣದ ಮೀನಿನ ಅಂಗಡಿಗಳಿವೆ. ಈ ಮಾರುಕಟ್ಟೆಗೆ ಹಣ್ಣು, ಹೂವಿಗೆ ಹೋದವರು ಮಕ್ಕಳ ಕಣ್ಣಿಗೆ ಮೀನು ಬಿದ್ದು ಅಲ್ಲೇ ನಿಲ್ಲೋದು ಹಳೇ ಮಾತು. ಕೊಳ ತಯಾರಾಗುವ ಮೊದಲು ಹೋದರೆ ಬರೀ ನೋಡಿಕೊಂಡು ಬನ್ನಿ.

ತೆಗೆದುಕೊಳ್ಳುವಾಗ ಮೀನನ್ನಲ್ಲ, ಅದಿರುವ ತೊಟ್ಟಿಯನ್ನು ಮೊದಲು ನೋಡಿ. ಒಂದು ಸತ್ತ ಮೀನು ತೇಲುತ್ತಿದ್ದರೂ ಆ ತೊಟ್ಟಿಯದು ಬೇಡ. ರೆಕ್ಕೆ ಬಿಚ್ಚಿ ಈಜುವ, ಆಹಾರಕ್ಕೆ ಓಡಿಬರುವ, ಮೈಮೇಲೆ ಚುಕ್ಕೆ, ದಾರ, ಗಾಯ ಇಲ್ಲದ ಮೀನು ಆರಿಸಿ. ಬೆಂಗಳೂರಿನ ಹವೆಗೆ ಸಾದಾ ಗೋಲ್ಡ್‌ಫಿಶ್, ಉದ್ದ ಬಾಲದ ಕಾಮೆಟ್ ಒಳ್ಳೆಯವು. ಜನವರಿಯ 15 ಡಿಗ್ರಿ ರಾತ್ರಿಯನ್ನೂ ತಡೆಯುತ್ತವೆ. ಉಬ್ಬು ಹೊಟ್ಟೆ, ಗುಳ್ಳೆ ತಲೆಯ ಅಲಂಕಾರದ ಜಾತಿಗಳು ತೆರೆದ ಕೊಳಕ್ಕೆ ಸೂಕ್ಷ್ಮ.

ತಂದವನ್ನು ನೇರ ಕೊಳಕ್ಕೆ ಬಿಡದೆ ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಡಿ. ಹೊಸ ಮೀನಿನ ಜೊತೆ ಬರುವ ಹುಳ, ರೋಗ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಕವರನ್ನು ಕೊಳದಲ್ಲಿ 15 ನಿಮಿಷ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ಕೊಳದ ನೀರು ಸೇರಿಸಿ, ಮೀನನ್ನು ಮಾತ್ರ ಒಳಗೆ ಬಿಡಿ, ಕವರಿನ ನೀರು ಗಿಡಕ್ಕೆ. ಒಂದು ಸಲಕ್ಕೆ ಎರಡೇ ಮೀನು, ಎರಡು ವಾರದ ಅಂತರ. ಆರು ಗಪ್ಪಿಗೆ ಹೊಂದಿಕೊಂಡ ಬ್ಯಾಕ್ಟೀರಿಯಾ ಸಂಸಾರಕ್ಕೆ ಎಂಟು ಗೋಲ್ಡ್‌ಫಿಶ್ ಒಮ್ಮೆಲೇ ಬಂದರೆ ನೆಂಟರ ದಂಡು ಬಂದ ಹಾಗೆ, ಅಡುಗೆ ಸಾಲಲ್ಲ.

ಬೆಳಗಿನ ಜಾವ ಐದು ಗಂಟೆಗೆ ನೋಡಿ

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ಒಳಚರಂಡಿ ನೀರು ಸೇರುವ ಕೆರೆ, ಬೇಸಿಗೆಯ ಬಿಸಿ, ಕರಗಿದ ಆಮ್ಲಜನಕದ ಕುಸಿತ, ಅಂದು ಚರ್ಚೆಯಾದದ್ದು ಇದೇ. ನೂರು ಎಕರೆ ಮೀರಿದ ಕೆರೆಗೆ ಆದದ್ದು ನಿಮ್ಮ ಇಪ್ಪತ್ತನಾಲ್ಕು ಚದರ ಅಡಿಯ ಕೊಳಕ್ಕೆ ಇನ್ನೂ ಬೇಗ ಆಗುತ್ತದೆ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮೂರಲ್ಲಿ ಗಾಳಿಯ ಒತ್ತಡವೇ ಕಮ್ಮಿ, ಹಾಗಾಗಿ ಇನ್ನೂ ಹತ್ತನೇ ಒಂದು ಭಾಗ ಕಡಿತ. 30 ಡಿಗ್ರಿ ನೀರಿನಲ್ಲಿ ಲೀಟರಿಗೆ 7 ಮಿಲಿಗ್ರಾಮೂ ನಿಲ್ಲಲ್ಲ. ಹಗಲು ಗಿಡ, ಪಾಚಿ ಆಮ್ಲಜನಕ ಕೊಡುತ್ತವೆ, ರಾತ್ರಿ ಅವೂ ಮೀನಿನ ಜೊತೆ ಅದನ್ನೇ ಉಸಿರಾಡುತ್ತವೆ. ಸೂರ್ಯ ಹುಟ್ಟುವ ಮುಂಚೆ ಮಟ್ಟ ತೀರಾ ಕೆಳಗಿರುತ್ತದೆ. ಕೊಳ ಆರೋಗ್ಯವಾಗಿದೆಯೋ ಇಲ್ಲವೋ ಅಂತ ತಿಳಿಯಬೇಕಿದ್ದರೆ ಸಂಜೆ ಕಾಫಿ ಹೊತ್ತಿನಲ್ಲಲ್ಲ, ಬೆಳಗಿನ ಜಾವ ಹೋಗಿ ನೋಡಿ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ ಲಕ್ಷಣ.

ಹಾಗಾದಾಗ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಹತ್ತು ನಿಮಿಷ ಸುರಿಯಿರಿ. ಆಹಾರ ನಿಲ್ಲಿಸಿ. ಕ್ಲೋರಿನ್ ಇಲ್ಲದ ನೀರಿನಿಂದ ಕಾಲು ಭಾಗ ಬದಲಿಸಿ. ಅಮೋನಿಯಾ ನೋಡಿ. ಇಷ್ಟಾದ ಮೇಲೂ ಸರಿಹೋಗದಿದ್ದರೆ ಮಾತ್ರ ರೋಗದ ಮಾತು. ಪಂಪನ್ನು ರಾತ್ರಿ ಆರಿಸಿ ಕರೆಂಟ್ ಉಳಿಸುವ ಯೋಚನೆ ಬೇಡ, ಬೇಕಿರೋದೇ ರಾತ್ರಿ. ಕರೆಂಟ್ ಹೋಗುವ ಬಡಾವಣೆಗಳಲ್ಲಿ ಬ್ಯಾಟರಿಯ ಸಣ್ಣ ಗಾಳಿ ಪಂಪು ಇಟ್ಟುಕೊಳ್ಳಿ.

ಪುರಿ ಹಾಕುವ ಕೈ

ಶೃಂಗೇರಿಗೆ ಹೋದಾಗ ತುಂಗೆಯ ಮೀನಿಗೆ ಪುರಿ ಎರಚಿದ ಕೈ ನಮ್ಮದು. ಅಲ್ಲಿ ಹೊಳೆ ಹರಿಯುತ್ತದೆ, ಉಳಿದದ್ದನ್ನು ಕೊಂಡೊಯ್ಯುತ್ತದೆ. ನಿಮ್ಮ ಕೊಳ ಎಲ್ಲಿಗೂ ಹರಿಯಲ್ಲ. ಪುರಿ, ಅನ್ನ, ಚಪಾತಿ ಚೂರು ತಳ ಸೇರಿ ಕೊಳೆಯುತ್ತದೆ. ಎರಡು ನಿಮಿಷದಲ್ಲಿ ಮೀನು ಪೂರ್ತಿ ತಿಂದು ಮುಗಿಸುವಷ್ಟು ಮೀನಿನ ಆಹಾರ, ದಿನಕ್ಕೊಂದು ಸಲ, ಅಷ್ಟೇ. ಮನೆಯಲ್ಲಿ ಒಬ್ಬರಿಗೇ ಆ ಕೆಲಸ ಒಪ್ಪಿಸಿ. ಅಜ್ಜಿ ಒಂದು ಸಲ, ಮೊಮ್ಮಗ ಒಂದು ಸಲ, ಕೆಲಸದವರು ಒಂದು ಸಲ ಹಾಕಿದರೆ ಪ್ರೀತಿಯೇ ವಿಷವಾಗುತ್ತದೆ. ಊರಿಗೆ ಹೋದಾಗ ನಾಲ್ಕೈದು ದಿನ ಏನೂ ಹಾಕದಿದ್ದರೂ ದೊಡ್ಡ ಮೀನು ಆರಾಮಾಗಿರುತ್ತವೆ.

ನಿಜವಾಗಿ ರೋಗ ಬಂದರೆ

ನೀರು ಸರಿಯಿದ್ದೂ ಮೀನು ಮಂಕಾಗಿದ್ದರೆ ಹತ್ತಿರದಿಂದ ನೋಡಿ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದ್ದರೆ ಅದು ಬಿಳಿ ಚುಕ್ಕೆ ರೋಗ. ಅದರ ಪರೋಪಜೀವಿ ಮೀನನ್ನು ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಔಷಧಿಗೆ ಸಿಗುತ್ತದೆ, ಚುಕ್ಕೆ ಮಾಯವಾಯ್ತು ಅಂತ ಮೂರನೇ ದಿನಕ್ಕೆ ಔಷಧಿ ನಿಲ್ಲಿಸಿದರೆ ಮತ್ತೆ ಬರುತ್ತದೆ. ದಾರದ ತುಂಡು ನೇತಾಡುವ ಹಾಗಿದ್ದರೆ ಲಂಗರು ಹುಳ. ಹಸಿರು ಮಿಶ್ರಿತ ಚಪ್ಪಟೆ ಚುಕ್ಕೆ ಮೈಮೇಲೆ ಸರಿದಾಡಿದರೆ ಮೀನಿನ ಹೇನು. ರೆಕ್ಕೆಯ ಅಂಚು ಹರಿದು ಕೊಳೆಯುತ್ತಿದ್ದರೆ ಹೆಚ್ಚಾಗಿ ಹಿಂದೆ ಕೆಟ್ಟ ನೀರಿನ ಕಥೆಯೇ ಇರುತ್ತದೆ.

ರೋಗದ ಮೀನನ್ನು ಬೇರೆ ಟಬ್ಬಿಗೆ ತೆಗೆದು ಅಲ್ಲೇ ಚಿಕಿತ್ಸೆ ಮಾಡಿ. ಕೊಳಕ್ಕೇ ಸುರಿದರೆ ಒಳ್ಳೆ ಬ್ಯಾಕ್ಟೀರಿಯಾವೂ ಸಾಯಬಹುದು. ಬಿಳಿ ಚುಕ್ಕೆ ಇದಕ್ಕೆ ಹೊರತು. ಅದರ ಬೀಜ ಕೊಳದ ತುಂಬ ಇರುವುದರಿಂದ ಪೂರ್ತಿ ಕೊಳಕ್ಕೇ ಚಿಕಿತ್ಸೆ ಬೇಕು, ಅದನ್ನು ತಿಳಿದವರನ್ನು ಕೇಳಿ ಮಾಡಿ. ನಮಗೆ ಕೊಟ್ಟು ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕುವ ಪದ್ಧತಿ ನಿಲ್ಲಬೇಕು. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಹೆಬ್ಬಾಳದಲ್ಲೇ ಇದೆ. ಮೀನಿನ ಫೋಟೊ, ನೀರಿನ ಅಂಕಿ ಇಟ್ಟುಕೊಂಡು ಕೇಳಿದರೆ ಊಹೆಗಿಂತ ಒಳ್ಳೆ ಉತ್ತರ ಸಿಗುತ್ತದೆ.

ಇನ್ನು ಹೊರಗಿನಿಂದ ಬರುವ ಅಪಾಯ. ಸೊಳ್ಳೆಗೆ ಪಾಲಿಕೆಯ ಫಾಗಿಂಗ್ ಗಾಡಿ ಬೀದಿಗೆ ಬಂದ ಸದ್ದು ಕೇಳಿದರೆ ಕೊಳಕ್ಕೆ ಪ್ಲಾಸ್ಟಿಕ್ ಹೊದಿಸಿ, ಗಾಳಿ ಪಂಪು ಆರಿಸಿ, ಹೊಗೆ ಚದುರಿದ ಮೇಲೆ ತೆಗೆಯಿರಿ. ಆ ಹೊಗೆಯಲ್ಲಿ, ಮನೆಯೊಳಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ಇರುವ ಪೈರೆಥ್ರಾಯ್ಡ್ ನಮಗಿಂತ ಮೀನಿಗೆ ಎಷ್ಟೋ ಪಟ್ಟು ವಿಷ. ಗೆದ್ದಲಿನ ಔಷಧಿ, ಗುಲಾಬಿಗೆ ಹೊಡೆಯುವ ಔಷಧಿ, ಅಂಗಳ ತೊಳೆಯುವ ಫಿನಾಯಿಲ್ ಕೂಡ ಹಾಗೇ. ಗೌರಿ ಗಣೇಶ ಹಬ್ಬಕ್ಕೆ “ನಮ್ಮ ಕೊಳದಲ್ಲೇ ಬಿಡೋಣ” ಅಂತ ಮಕ್ಕಳು ಕೇಳ್ತಾರೆ. ಬಣ್ಣವಿಲ್ಲದ ಮಣ್ಣಿನ ಗಣಪನಾದರೂ ಬಕೆಟ್ಟಿನಲ್ಲಿ ಬಿಟ್ಟು ಆ ಮಣ್ಣನ್ನು ಗಿಡಕ್ಕೆ ಹಾಕಿ. ಮಿಂಚುಳ್ಳಿ, ಕೊಕ್ಕರೆ, ಬೆಕ್ಕು ಬಂದೇ ಬರುತ್ತವೆ. ಮೇಲೊಂದು ಬಲೆ, ತಳದಲ್ಲಿ ಮೀನು ಅಡಗಲು ಒಂದು ಮಗುಚಿದ ಒಡಕು ಮಡಕೆ ಇಡಿ.

ನೀರಿನ ಲೆಕ್ಕ

“ಕುಡಿಯೋಕೇ ನೀರಿಲ್ಲದ ಊರಲ್ಲಿ ಕೊಳ ಬೇಕಾ?” ಅಂತ ಕೇಳುವವರ ಮಾತಿನಲ್ಲಿ ನ್ಯಾಯವಿದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯೋದಕ್ಕೆ, ಕಾರಂಜಿಗೆ ಬಳಸಬಾರದೆಂದು ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಹಾಗಾಗಿ ಕೊಳ ತೋಡುವ ಮುಂಚೆ ಲೆಕ್ಕ ಹಾಕಿ.

ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ನಮ್ಮ ಅಳತೆಯ ಕೊಳದಿಂದ ಹೋಗೋದು ಸುಮಾರು 11 ಲೀಟರ್. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ಬದಲಿಸಲು 135 ಲೀಟರ್. ಆ ತೆಗೆದ ನೀರು ವ್ಯರ್ಥವಲ್ಲ, ನೈಟ್ರೇಟ್ ತುಂಬಿದ ಗೊಬ್ಬರದ ನೀರು. ಹೇಗೂ ಗಿಡಕ್ಕೆ ಹಾಕುವ ನೀರು ಮೊದಲು ಮೀನಿನ ಮನೆಗೆ ಹೋಗಿ ಬರುತ್ತದೆ ಅಷ್ಟೇ. ಇನ್ನು ತುಂಬುವ ಮಾತು. ಸಾವಿರ ಚದರ ಅಡಿಯ ಸೂರಿನ ಮೇಲೆ 15 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,400 ಲೀಟರ್. ಒಂದೇ ಒಂದು ಒಳ್ಳೆ ಮಳೆ, ಕೊಳ ತುಂಬಿತು. ಮಳೆ ಕೊಯ್ಲು 2009ರಿಂದ ಕಡ್ಡಾಯವಾಗಿರುವ ಊರಿನಲ್ಲಿ ಆ ಪೈಪಿಗೊಂದು ಕವಲು ಕೊಡೋದು ದೊಡ್ಡ ಕೆಲಸವಲ್ಲ. ಮಳೆ ನೀರನ್ನೂ ಹಿಡಿಯದೆ ಟ್ಯಾಂಕರಿನಿಂದಲೇ ಕೊಳ ಉಳಿಸಬೇಕಾದ ಮನೆಯಾದರೆ, ಒಂದು ಟಬ್ಬು, ಒಂದು ನೈದಿಲೆ, ಆರು ಗಪ್ಪಿ ಸಾಕು. ಅದರಲ್ಲೂ ಅಷ್ಟೇ ಖುಷಿಯಿದೆ.

ಕೊಳದ ಹೆಚ್ಚುವರಿ ನೀರು ಮೋರಿಗೆ ಹೋಗದೆ ಜಾಲರಿ ದಾಟಿ ಇಂಗುಗುಂಡಿಗೆ ಇಳಿಯಲಿ. ಬೇಡವಾದ ಮೀನನ್ನು, ಅಂತರಗಂಗೆಯನ್ನು ಹಲಸೂರು ಕೆರೆಗೋ ಹತ್ತಿರದ ರಾಜಕಾಲುವೆಗೋ “ಬದುಕಿಕೊಳ್ಳಲಿ” ಅಂತ ಬಿಡೋದು ದಯೆಯಲ್ಲ. ಹೊರಗಿನ ಜಾತಿಗಳು ಕೆರೆಯ ಸ್ವಂತ ಮೀನುಗಳ ಬಾಯಿಂದ ತುತ್ತು ಕಿತ್ತುಕೊಳ್ಳುತ್ತವೆ. ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಕೊಳ ಮಾಡುತ್ತಿರುವ ಇನ್ನೊಬ್ಬರಿಗೆ ಕೊಡಿ. ಜೊತೆಗೆ ನಿಮ್ಮ ಫಿಲ್ಟರಿನಿಂದ ಒಂದು ತುಂಡು ಒದ್ದೆ ಸ್ಪಂಜನ್ನೂ ಕೊಡಿ. ಪಕ್ಕದ ಮನೆಯವರು ಲೋಟ ಹಿಡಿದು ಹೆಪ್ಪಿಗೆ ಬಂದರೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲವಲ್ಲ!

ಈಗಾಗಲೇ ಕೊಳ ಇರುವವರು ಬೆಳಗಿನ ಜಾವ ಒಮ್ಮೆ ನೋಡಿ, ಕಂಡದ್ದನ್ನು ಬರೆದು ಕಳಿಸಿ. ನೀರಿನ ಬಗೆ, ಕೊಳದ ಅಳತೆ, ಮೀನಿನ ಸಂಖ್ಯೆ, ಅಮೋನಿಯಾ ಅಂಕಿ ನಾಲ್ಕೂ ಇದ್ದರೆ ಉತ್ತರ ಹೇಳೋದು ಸುಲಭ. ಮುಂದಿನ ಸಲ ಕುಂಡದಲ್ಲಿ ನೈದಿಲೆ ಮತ್ತು ತಾವರೆ ಬೆಳೆಸುವ ಬಗ್ಗೆ ಮಾತಾಡೋಣ.